ಒಡೆದ ಕೊಬ್ಬರಿ ಯಾರದ್ದು

ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ ಇಳಿಸಿ, ಮೇಲಿನ ನಾರಿನ ಮಟ್ಟೆ ಸುಲಿದು, ಮಚ್ಚಿನಿಂದ ಚಿಪ್ಪನ್ನು ಸುತ್ತಲೂ ತಟ್ಟಿ ತೆಗೆಯಬೇಕು. ಒಳಗಿನ ಕೊಬ್ಬರಿ ಉಂಡೆ ಇಡಿಯಾಗಿ ಬಂದರೆ ಮಾರುಕಟ್ಟೆಗೆ. ಏಟು ಹೆಚ್ಚಾಗಿ ಒಡೆದರೆ ಆ ಹೋಳು ತಟ್ಟಿದವಳ ಮಡಿಲಿಗೆ. ನನ್ನ ಅತ್ತೆಯ ಕಾಲದಿಂದಲೂ ನಮ್ಮ ಮನೆಯಲ್ಲಿ ಹೀಗೇ. ಹಾಗಂತ ಬೇಕೆಂದು ಯಾರೂ ಒಡೆಯುವುದಿಲ್ಲ. ಒಡೆಯುವ ಕೈಯನ್ನು ಮುಂದಿನ ಸಲ ಯಾರು ಕರೆಯುತ್ತಾರೆ?

ಇಷ್ಟು ನನ್ನ ಮೈದುನನ ಮಗನಿಗೆ ಗೊತ್ತಿರಲಿಲ್ಲ. ತಿಪಟೂರಿನಲ್ಲಿ ಕಾಲೇಜು ಮೇಷ್ಟ್ರು, ಹೇಳಿಕೊಡುವುದು ನೀತಿಶಾಸ್ತ್ರ. ಹೋದ ವರ್ಷ ಕೊಬ್ಬರಿ ತಟ್ಟುವ ದಿನ ಬಂದು ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತ.

“ದೊಡ್ಡಮ್ಮ, ಪಶ್ಚಿಮದೋರಿಗೆ ನಿಯಮ ಅಂದ್ರೆ ನಿಯಮ. ಅಪ್ಪ ಮಾಡಿದ್ರೂ ತಪ್ಪೇ, ಆಳು ಮಾಡಿದ್ರೂ ತಪ್ಪೇ. ನಮ್ಮೋರು ಮುಖ ನೋಡಿ ನ್ಯಾಯ ಹೇಳ್ತಾರೆ. ಅದಕ್ಕೇ ಹಿಂಗಿದೀವಿ.”

“ಆಯ್ತು ಕಣಪ್ಪ, ಕಾಫಿ ಆರೋಯ್ತದೆ, ಕುಡಿ” ಎಂದೆ.

ಅಂಗಳದಲ್ಲಿ ತಟ್ಟುತ್ತಿದ್ದವರಲ್ಲಿ ಒಬ್ಬಳ ಕೈಯಲ್ಲಿ ಒಂದು ಉಂಡೆ ಒಡೆಯಿತು. ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಬರುತ್ತಿದ್ದ ಹೆಂಗಸು. ಹೋಳನ್ನು ಮಡಿಲಿಗೆ ಹಾಕಿಕೊಂಡಳು. ಇವನು ಎದ್ದು ನಿಂತ.

“ಏನಮ್ಮಾ, ಬೇಕಂತ್ಲೇ ಒಡೆದು ಕಟ್ಕೊಂತಿದೀಯಾ? ಇದಕ್ಕೆ ಕಳ್ಳತನ ಅಂತಾರೆ.”

ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. ನಾಲ್ಕು ಹೆಂಗಸರೆದುರು ಬೈದರೆ ಮನೆ ಹುಡುಗನ ಮರ್ಯಾದೆ ಏನಾಗಬೇಕು ಎಂದುಕೊಂಡೆ. ಅವಳಿಗೂ ಒಂದು ಮರ್ಯಾದೆ ಇದೆ ಎಂದು ಹೊಳೆಯಲಿಲ್ಲ. ಅವಳು ಮಡಿಲು ಕೊಡವಿ, ಮಚ್ಚು ಎತ್ತಿಕೊಂಡು ಹೊರಟೇ ಹೋದಳು.

ಆಮೇಲೆ ಅವನಿಗೆ ಪದ್ಧತಿ ಬಿಡಿಸಿ ಹೇಳಿದೆ. “ಓಹೋ” ಎಂದ, ಅಷ್ಟೇ. ಹೋಗುವಾಗ ಅವನ ಕಾರಿಗೆ ಒಂದು ಚೀಲ ಇಡೀ ಕೊಬ್ಬರಿ ಹತ್ತಿತು, ಅವನ ಪ್ರಿನ್ಸಿಪಾಲರಿಗಂತೆ.

“ಇದ್ಯಾವ ದೇಶದ ನಿಯಮನಪ್ಪ?” ಎಂದೆ.

“ಇದು ಸಂಬಂಧ ದೊಡ್ಡಮ್ಮ. ನಮ್ಮ ಸಂಸ್ಕೃತಿ.”

ಮಾರನೆಯ ದಿನಕ್ಕೆ ಮಾತು ಕಿಬ್ಬನಹಳ್ಳಿ ಬಸ್ ಸ್ಟಾಪು ಮುಟ್ಟಿತ್ತು. ಕಳ್ಳಿ ಅನ್ನಿಸಿಕೊಂಡವಳನ್ನು ಯಾರೂ ಅಂಗಳಕ್ಕೆ ಸೇರಿಸುವುದಿಲ್ಲ. ನಾನು ಅವಳ ಮನೆಗೆ ಹೋದೆ.

“ಕಳ್ಳಿ ಅಂದೋರು ಬಂದು ಅಲ್ಲ ಅನ್ಲಿ ಅವ್ವಾರೆ. ನೀವ್ಯಾಕೆ ಬಂದ್ರಿ? ನಿನ್ನೆ ಬಾಯಿಗೆ ಬೀಗ ಜಡ್ಕೊಂಡಿದ್ರಲ್ಲ.”

ಅವನಿಗೆ ಫೋನು ಮಾಡಿಸಿದೆ. ಬಂದು ಒಂದು ಮಾತು ಹೇಳಿ ಹೋಗು ಎಂದೆ.

“ಸಾರಿ ಕೇಳೋದೆಲ್ಲ ಪಶ್ಚಿಮದೋರ ಪದ್ಧತಿ ದೊಡ್ಡಮ್ಮ. ನಮ್ಮಲ್ಲಿ ಆಳಿನ ಹತ್ರ ಹಂಗೆಲ್ಲ ಕೇಳಲ್ಲ.”

ಎರಡು ದಿಕ್ಕಿನ ನೀತಿ ಓದಿದ್ದು ಇದಕ್ಕೆ! ಎಲ್ಲಿ ಮೆತ್ತಗಿದೆಯೋ ಅಲ್ಲಿ ಮಲಗುವುದಕ್ಕೆ. “ಬುಡು, ನಿನ್ ಓದಿಗಿಷ್ಟು” ಎಂದು ಫೋನು ಇಟ್ಟೆ.

ತಟ್ಟುವ ಕೆಲಸವಿದ್ದ ಮನೆಗಳಿಗೆಲ್ಲ ನಾನೇ ನಡೆದೆ. ಅವಳು ಕದ್ದಿಲ್ಲ, ಇಲ್ಲದ್ದು ಆಡಿದ್ದು ನಮ್ಮ ಮನೆಯವನು, ಸುಮ್ಮನೆ ಕೂತಿದ್ದು ನಾನು ಎಂದು ಒಂದೊಂದು ಅಂಗಳದಲ್ಲೂ ನಿಂತು ಹೇಳಿದೆ. ಒಬ್ಬಳು ಮುಸಿಮುಸಿ ನಕ್ಕಳು. ನಗಲಿ. ಎರಡು ಮನೆಯವರು ಅವಳನ್ನು ಕರೆದರು. ಈ ವರ್ಷ ಎಲ್ಲರೂ ಕರೆಯುತ್ತಿದ್ದಾರೆ.

ನಮ್ಮ ಮನೆಗೆ ಮಾತ್ರ ಅವಳು ಬರುವುದಿಲ್ಲ. ಕರೆಯಲು ನನಗೂ ಮುಖವಿಲ್ಲ.