ತವರಿನಿಂದ ತಿರುಗಿ ತಂದ ತೂಕ

ನಮ್ಮ ಕಡೆಯ ಊರುಗಳು ಮುಂಬೈ ಪ್ರಾಂತ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ನಾನಾಗ ಗೋಕಾಕ ಫಾಲ್ಸ್‌ನಲ್ಲಿದ್ದೆ. ಗಂಡ ಅಲ್ಲಿನ ಗಿರಣಿಯಲ್ಲಿ ನೂಲು ತೆಗೆಯುವ ಕೆಲಸದಲ್ಲಿದ್ದರು. ಎರಡು ಕೋಣೆಗಳ ಮನೆಯಲ್ಲಿ ನಾವಿಬ್ಬರು, ಎರಡು ಮಕ್ಕಳು, ನಮ್ಮತ್ತೆ. ಎರಡನೆಯ ಬಾಣಂತನದಲ್ಲಿ ತಿಂದ ಅಂಟಿನ ಉಂಡಿ, ತುಪ್ಪ, ಕೊಬ್ಬರಿ ಎಲ್ಲವೂ ನನ್ನ ಮೈಯಲ್ಲೇ ಬಿಡಾರ ಹೂಡಿದ್ದವು. ನಳದ ನೀರು ಹೊತ್ತು ಮೆಟ್ಟಿಲು ಏರಿದರೆ ಮೊಣಕಾಲು ಕಟಕಟ ಅನ್ನುತ್ತಿತ್ತು.

ದವಾಖಾನೆಗೆ ಹೋದೆ. ಅಲ್ಲಿನ ನರ್ಸಬಾಯಿ ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಮುಳ್ಳು ನೋಡಿ ನಕ್ಕರು.

"ಔಷಧ ಬ್ಯಾಡ್ರಿ. ತೂಕ ಇಳಸ್ರಿ, ಮೊಣಕಾಲ ತಾನ ಸುಮ್ಮನಾಗತೈತಿ. ಆದರ ಸಾವಕಾಶ ಇಳಸ್ರಿ."

'ಇಳಸ್ರಿ' ಅನ್ನುವುದು ಕಿವಿಗೆ ಬಿತ್ತು, 'ಸಾವಕಾಶ' ಬೀಳಲಿಲ್ಲ. ಎರಡು ತಿಂಗಳಿಗೆ ನನ್ನ ತವರೂರು ಕೌಜಲಗಿಯಲ್ಲಿ ತಮ್ಮನ ಮದುವೆ. ಅಷ್ಟರೊಳಗೆ ಮದುವಣಗಿತ್ತಿಗಿಂತ ನಾನೇ ತೆಳ್ಳಗೆ ಕಾಣಬೇಕೆಂದು ಹಟ ಹಿಡಿದೆ.

ಬೆಳಿಗ್ಗೆ ಒಂದು ಬಟ್ಟಲು ನೀರುನೀರಾದ ಅಂಬಲಿ, ಮಧ್ಯಾಹ್ನ ಅರ್ಧ ರೊಟ್ಟಿ, ಒಂದಿಷ್ಟು ಪುಂಡಿಪಲ್ಲೆ, ಸಂಜೆಗೆ ಮಜ್ಜಿಗೆ. ಅಷ್ಟೇ. ಬಾಜೂ ಮನೆಯವರು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ನನಗೆ ಇಲ್ಲಿ ಕಣ್ಣಲ್ಲಿ ನೀರು. ತಿಂಗಳೊಳಗೆ ಹಗಲಲ್ಲೂ ಚಳಿ ಹತ್ತತೊಡಗಿತು. ಕೊಡ ಎತ್ತುವ ತ್ರಾಣ ಉಳಿಯಲಿಲ್ಲ, ನೀರು ತರುವುದು ಅತ್ತೆಯ ಪಾಲಿಗೆ ಬಂತು. ನಾನು ಗೋಡೆಗೆ ಒರಗಿ ಕೂತು ಮಕ್ಕಳ ಮೇಲೆ ಹರಿಹಾಯುತ್ತಿದ್ದೆ.

"ಉಪವಾಸ ನಿಂದು, ಶಿಕ್ಷಾ ನಮಗ," ಎಂದರು ಗಂಡ.

ಆದರೆ ತೂಕ ಇಳಿಯಿತು, ಇಪ್ಪತ್ತು ಪೌಂಡಿಗೂ ಹೆಚ್ಚು! ಹಿಗ್ಗಿನಲ್ಲಿ ಕುಪ್ಪಸಗಳನ್ನೆಲ್ಲ ಬಿಚ್ಚಿ ಸಣ್ಣದು ಮಾಡಿ ಹೊಲಿದೆ. ಒಳಗೆ ಮಡಚಿ ಹೊಲಿದಿದ್ದರೆ ಆಗುತ್ತಿತ್ತು. ಇನ್ನು ಇದು ಯಾಕೆ ಬೇಕು ಎಂದು ಹೆಚ್ಚಿನ ಬಟ್ಟೆಯನ್ನು ಕತ್ತರಿಸಿಯೇ ಹಾಕಿದೆ.

ಮದುವೆಗೆಂದು ಅತ್ತೆಯನ್ನು, ಮಕ್ಕಳನ್ನು ಕರೆದುಕೊಂಡು ಕೌಜಲಗಿಯಲ್ಲಿ ಬಸ್ಸಿಳಿದೆ. ಅವ್ವ ಬಾಗಿಲಿಗೆ ನೀರು ತಂದವಳು ನನ್ನನ್ನು ನೋಡಿ ತಂಬಿಗೆ ಕೆಳಗಿಟ್ಟಳು.

"ಏನವಾ ಇದು? ಹಿಂಗ್ಯಾಕ ಆಗೀದಿ? ಹೊಟ್ಟಿ ತುಂಬ ಉಣ್ಣಾಕ ಹಾಕಂಗಿಲ್ಲೇನ ಆ ಮನ್ಯಾಗ?"

ನನ್ನ ಹಿಂದೆಯೇ ನಿಂತಿದ್ದ ಅತ್ತೆ ಸೆರಗು ಸರಿಮಾಡಿಕೊಂಡರು. "ನಮ್ಮ ಮನ್ಯಾಗ ರೊಟ್ಟಿ ಬುಟ್ಟಿಗೆ ಯಾವತ್ತೂ ಕೀಲಿ ಹಾಕಿಲ್ರಿ ಅಕ್ಕಾರ. ನಿಮ್ಮ ಮಗಳನ್ನ ಕೇಳ್ರಿ."

"ನಾನ ಬೇಕಂತ ಬಿಟ್ಟೇನವಾ," ಎಂದೆ.

"ಬೇಕಂತ ಯಾರರ ಉಪವಾಸ ಬೀಳತಾರೇನ?" ಅವ್ವ ನಂಬಲಿಲ್ಲ. ತಮ್ಮ ಮನೆಯ ಮೇಲೆ ಬಂದ ಮಾತು ತೊಳೆದುಹೋಗಬೇಕಾದರೆ ನಾನು ಎಲ್ಲರೆದುರು ಉಣ್ಣಲೇಬೇಕು ಎಂದು ಅತ್ತೆಗೆ ಹೊಳೆಯಿತು. ಒಂದು ಕಡೆಯಿಂದ ಅವ್ವ ಬೆಣ್ಣೆಯ ಮುದ್ದೆ ಇಟ್ಟರೆ ಇನ್ನೊಂದು ಕಡೆಯಿಂದ ಅತ್ತೆ ಮಾದಲಿಗೆ ತುಪ್ಪ ಸುರಿದರು. ಬಾಗಿಲಲ್ಲಿ ಜಗಳಕ್ಕೆ ನಿಂತಿದ್ದ ಬೀಗತಿಯರು ಸಂಜೆಯೊಳಗೆ ಒಂದಾಗಿಬಿಟ್ಟಿದ್ದರು.

ನಿಜ ಹೇಳಬೇಕೆಂದರೆ ನನಗೆ ಒತ್ತಾಯವೇ ಬೇಕಿರಲಿಲ್ಲ. ಮೊದಲು ಮೂರು ರೊಟ್ಟಿಗೆ ಸಾಕೆನ್ನುತ್ತಿದ್ದವಳು ಈಗ ಐದು ತಿಂದರೂ ಬುಟ್ಟಿಯತ್ತ ನೋಡುತ್ತಿದ್ದೆ. ಮದುವೆ ಮುಗಿಸಿ ಮನೆಗೆ ಬಂದ ಮೇಲೂ ಆ ಹಸಿವು ತಣಿಯಲಿಲ್ಲ. ನಾಲ್ಕು ತಿಂಗಳಲ್ಲಿ ಹೋದ ತೂಕವೆಲ್ಲ ಬಂತು, ಬರುವಾಗ ಮತ್ತೆ ಆರು ಪೌಂಡು ಕರೆದುಕೊಂಡು ಬಂತು. ಒಂದು ಕುಪ್ಪಸವೂ ಮೈಗೆ ಏರಲಿಲ್ಲ. ಗಂಡನ ಹಳೆಯ ಧೋತರದ ತುಂಡು ಹಚ್ಚಿ ಅಗಲ ಮಾಡಿ ತೊಟ್ಟುಕೊಂಡು, ನಾಚಿಕೆಯಿಂದ ದವಾಖಾನೆಗೆ ಹೋದೆ.

"ನನಗ ಬಾಯಿ ಕಟ್ಟಾಕ ಬರಂಗಿಲ್ರಿ ಬಾಯಾರ. ನನ್ನ ಮನಸ್ಸ ಹಂತಾದ್ದು," ಎಂದು ಅತ್ತುಬಿಟ್ಟೆ.

ನರ್ಸಬಾಯಿ ಬೈಯಲಿಲ್ಲ. ಏನೇನು ತಿಂದೆ, ಏನೇನು ಬಿಟ್ಟೆ ಎಂದು ಕೇಳಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತರು.

"ನಮ್ಮಪ್ಪ ಮೇಲವಂಕಿ ಊರಾಗ ಕುರಿ ಕಾಯತಿದ್ದರಿ. ಬ್ಯಾಸಗ್ಯಾಗ ಬಡಕಾದ ಕುರಿ, ಮಳಿ ಬಿದ್ದು ಹುಲ್ಲ ಚಿಗತ ಮ್ಯಾಲ ತಲೀನ ಎತ್ತಂಗಿಲ್ಲ. ಅದರ ಮನಸ್ಸ ಕೆಟ್ಟದ್ದೇನ್ರಿ? ನೀವು ಬೇಕಂತ ಉಪವಾಸ ಮಾಡೀರಿ ಅಂತ ನಿಮ್ಮ ಮೈಗೆ ಏನ ಗೊತ್ತು? ಅದು ಬರಗಾಲ ಬಂತು ಅಂತ ತಿಳೀತು. ಖರ್ಚು ಕಡಿಮಿ ಮಾಡಿತು, ಅದಕ್ಕ ನಿಮಗ ಚಳಿ, ಸುಸ್ತು. ಕೂಳ ಸಿಕ್ಕ ಕೂಡ್ಲೆ ಮುಂದಿನ ಬರಕ್ಕಂತ ಕೂಡಿಸಿ ಇಟ್ಟಿತು. ಅದರಾಗ ನಿಮ್ಮ ತಪ್ಪೇನೈತಿ?"

ಅಷ್ಟು ದಿನ ನನ್ನನ್ನು ನಾನೇ ಬೈದುಕೊಂಡದ್ದು ಆ ಒಂದು ಮಾತಿಗೆ ಹಗುರಾಯಿತು. ಕಣ್ಣೊರೆಸಿಕೊಂಡು, "ಹಂಗಾದ್ರ ಈಗ ಏನ ಮಾಡ್ಲಿರಿ?" ಎಂದೆ.

"ಜನ್ಮ ಪೂರ್ತಿ ಮಾಡಾಕ ಆಗೂದನ್ನಷ್ಟ ಮಾಡ್ರಿ. ಎರಡ ತಿಂಗಳ ಮಾಡಿ ಬಿಡೂದನ್ನ ಸುರು ಮಾಡಬ್ಯಾಡ್ರಿ."

ಆಮೇಲೆ ನಾನು ಉಪವಾಸದ ಗೊಡವೆಗೆ ಹೋಗಲಿಲ್ಲ. ಮೂರು ರೊಟ್ಟಿಗೆ ಬದಲು ಎರಡು, ಪಲ್ಲೆ ಜಾಸ್ತಿ, ಹಸಿದರೆ ಒಂದಿಷ್ಟು ಮೊಳಕೆಕಾಳು. ನೀರಿನ ಕೊಡವನ್ನು ಅತ್ತೆಯಿಂದ ಮರಳಿ ತೆಗೆದುಕೊಂಡೆ, ಮೊದಮೊದಲು ಅರ್ಧ ಕೊಡ. ಸಂಜೆ ನದಿಯ ದಂಡೆಗುಂಟ ಅಡ್ಡಾಡಲು ಹೊರಟರೆ ಅತ್ತೆಯೂ ಜೊತೆಗೆ ಬರುತ್ತಿದ್ದರು. ಅವರಿಗೆ ನಡಿಗೆಗಿಂತ ದಾರಿಯಲ್ಲಿ ಸಿಕ್ಕವರ ಸುದ್ದಿಯೇ ಮುಖ್ಯ. ಹೀಗಾಗಿ ನಾವು ಹೋದದ್ದಕ್ಕಿಂತ ನಿಂತದ್ದೇ ಹೆಚ್ಚು.

ವರ್ಷ ಕಳೆದರೂ ಇಳಿದದ್ದು ಹನ್ನೆರಡು ಪೌಂಡು ಮಾತ್ರ. ತೆಳ್ಳಗಿನವಳು ಎಂದು ಯಾರೂ ಅನ್ನಲಿಲ್ಲ. ಆದರೆ ಆ ಹನ್ನೆರಡು ತಿರುಗಿ ಬರಲಿಲ್ಲ, ಮೊಣಕಾಲಿನ ಗಲಾಟೆಯೂ ನಿಂತಿತು.

ಮರುವರ್ಷ ಅವ್ವ ನಮ್ಮಲ್ಲಿಗೆ ಬಂದಾಗ ನನ್ನ ರಟ್ಟೆ ಹಿಡಿದು ನೋಡಿ, "ಈಗ ಮನಶ್ಯಾಳಂಗ ಕಾಣಾಕತ್ತಿ ನೋಡು," ಎಂದಳು. ಅಂದು ಗಂಡ ಗೋಕಾಕ ಪೇಟೆಯಿಂದ ಕರದಂಟು ತಂದಿದ್ದರು. ನಾನು ಎರಡು ತುಂಡು ತಿಂದು ಕೈ ತೊಳೆದುಕೊಂಡೆ. ಮೂರನೆಯದನ್ನು ಅವ್ವ ಮುಂದೆ ಹಿಡಿಯುವುದಕ್ಕೂ ಅತ್ತೆ ಪೊಟ್ಟಣ ಮಡಚುವುದಕ್ಕೂ ಸರಿಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಆ ಮೂರನೆಯ ತುಂಡನ್ನು ಮುರಿದು ಅವರಿಬ್ಬರೇ ಹಂಚಿಕೊಂಡು ತಿಂದರು.