ರೊಟ್ಟಿ ಸಪ್ಪಳಕ್ಕ ಅಂಜುವ ಬಲಶಾಲಿ

ನಮ್ಮ ಓಣಿಯ ಮಡಿವಾಳೆಪ್ಪ ವರ ಪಡೆದು ಹುಟ್ಟಿದಾಂವ. ಕಬ್ಬು ತುಂಬಿದ ಟ್ರ್ಯಾಕ್ಟರ್ ಕೆಸರಿನಾಗ ಸಿಕ್ಕರ ಒಂದ ಕೈಲೆ ಎತ್ತಿ ಬದಿಗಿಡತಾನ. ಎಂ.ಕೆ. ಹುಬ್ಬಳ್ಳಿಯೊಳಗ ನಿಂತು ಬೈಲಹೊಂಗಲದ ತನ್ನ ಮನಿಯಾಗ ರೊಟ್ಟಿ ಬಡಿಯೋ ಸಪ್ಪಳ ಕೇಳತಾನ. ಆ ಸಪ್ಪಳಕ್ಕ ಮಾತ್ರ ಅಂಜತಾನ. ಹೆಂಡತಿ ಮೀನಾ ರೊಟ್ಟಿ ಜೋರು ಬಡಿದಳಂದ್ರ ತನ್ನವ್ವ ಏನೋ ಅಂದಾಳ ಅಂತ ತಿಳಕೊಂಡು, ಹೊಲ ಹಳ್ಳ ಹಾರಿ ಬಂದು, ಬಾಗಿಲಾಗ ಹೊಸ ಅಳಿಯನಂಗ ಸಣ್ಣಗ ಕೆಮ್ಮತಾನ. ಒಂದಿನ ಸಪ್ಪಳ ನಿಂತೇ ಹೋತು. ಹಾರಿ ಬಂದು ನೋಡಿದರ ಮೀನಾ ಬ್ಯಾಗು ತುಂಬಿಕೊಂಡು ನಿಂತಿದ್ದಳು. "ತವರಿಗೆ ಹೋಗೋ ಸವದತ್ತಿ ಬಸ್ಸು ಹತ್ತಿದೆ ಅಂದ್ರ ಮತ್ತ ಬರೂದಿಲ್ಲರಿ ನಾ." "ಹೋಗ್ವಾ, ಯಾರು ಹಿಡದಾರ ನಿನ್ನ?" ಅಂದಳು ಅತ್ತಿ ಗುರವ್ವ. ಟ್ರ್ಯಾಕ್ಟರ್ ಎತ್ತುವಾಂವ ಒಲಿ ಮುಂದ ಕುಂತು ತಾನ ರೊಟ್ಟಿ ಬಡಿಯಾಕ ಹತ್ತಿದ. ಹಂಚಿಗೆ ಹಾಕುವಾಗ ರೊಟ್ಟಿ ನಡುವ ಹರೀತು. "ಹಂಗಲ್ಲೋ!" "ಹಂಗಲ್ಲರಿ!" ಇಬ್ಬರೂ ಕೂಡೇ ಒದರಿದರು, ಕೂಡೇ ಹಿಟ್ಟಿಗೆ ಕೈ ಹಾಕಿದರು. ಬ್ಯಾಗು ಬಾಗಿಲಾಗ ಉಳೀತು. ಅವತ್ತಿನಿಂದ ದಿನಾ ಒಂದು ರೊಟ್ಟಿ ಹರೀತಾನ. ಇನ್ನೂ ಕಲೀಲಿಲ್ಲ ಅಂತ ಅತ್ತಿ ಸೊಸಿ ಕೂಡಿ ಬೈತಾರ. ಸೂರಿನಿಂದ ಬಿದ್ದ ಗುಬ್ಬಿಮರಿಯನ್ನ ಪುಕ್ಕ ಅಲುಗದಂಗ ಎತ್ತಿ ಗೂಡಿಗಿಟ್ಟದ್ದು ದಿನಾ ರೊಟ್ಟಿ ಹರಿಯೋ ಅದೇ ಕೈ. ನಾ ಕಣ್ಣಾರೆ ಕಂಡೇನಿ.