ಮೂಸಿ ನೋಡಿ ರೋಗ ಹೇಳುವ ಮೈಮುನಾಬಿ

ಬೆಳಗಿನ ಆರೂವರೆ. ಮೂಡಲಗಿ ಬಸ್ ನಿಲ್ದಾಣದ ಪಕ್ಕದ ಪುಟ್ಟ ಅಂಗಡಿಯ ಶಟರ್ ಇನ್ನೂ ಅರ್ಧವೇ ಮೇಲೇರಿದೆ. ಒಳಗೆ ಮೈಮುನಾಬಿ ಒಂದು ಲ್ಯಾಪ್‌ಟಾಪನ್ನು ಬೋರಲು ಹಾಕಿ, ಅದರ ಬದಿಗೆ ಮೂಗು ಹಚ್ಚಿ ಮೂಸುತ್ತಿದ್ದಾರೆ. ಎದುರಿಗೆ ನಿಂತ ಸುಜಾತಾಗೆ ಜೀವ ಬಾಯಿಗೆ ಬಂದಿದೆ. ಕುಲಗೋಡದಿಂದ ಮೊದಲ ಬಸ್ಸಿಗೇ ಓಡಿ ಬಂದ ಹುಡುಗಿ. ಹತ್ತೂವರೆಗೆ ಗೋಕಾಕದ ಕಾಲೇಜಿನಲ್ಲಿ ಪ್ರಾಜೆಕ್ಟ್ ತೋರಿಸಬೇಕು. ಆರು ತಿಂಗಳ ದುಡಿಮೆ ಇದೊಂದರೊಳಗೇ ಇದೆ, ಬೇರೆಲ್ಲೂ ನಕಲು ಇಟ್ಟಿಲ್ಲ. ನಿನ್ನೆ ಸಂಜೆಯಿಂದ ಅದು ಚಾರ್ಜೂ ಆಗುತ್ತಿಲ್ಲ, ಚಾಲೂ ಆಗುತ್ತಿಲ್ಲ. ಎಂಟೂಕಾಲರ ಗೋಕಾಕ ಬಸ್ಸು ತಪ್ಪಿದರೆ ಕತೆ ಮುಗಿಯಿತು.

“ಸುಟ್ಟ ವಾಸನಿ ಇಲ್ಲ, ಗಾಬರಿ ಆಗಬ್ಯಾಡ” ಎನ್ನುತ್ತಾರೆ ಮೈಮುನಾಬಿ. “ಆದ್ರ ಏನೋ ಹುಳಿ ಹುಳಿ ಬರಾಕತ್ತೈತಿ.”

ಜೊತೆಗೆ ಬಂದ ಅಜ್ಜಿ ಶಿವಗಂಗವ್ವ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತು ಬಸ್ ನಿಲ್ದಾಣದ ಕಡೆಗೇ ನೋಡುತ್ತಿದ್ದಾರೆ.

ಮೂಗಿನ ನಂತರ ಮೀಟರಿನ ಸರದಿ. ಚಾರ್ಜರಿನ ತುದಿಗೆ ಕಡ್ಡಿ ತಾಗಿಸಿದರೆ ಹತ್ತೊಂಬತ್ತು ವೋಲ್ಟ್, ಅದರಲ್ಲಿ ದೋಷವಿಲ್ಲ. ಬ್ಯಾಟರಿ ಬಿಡಿಸಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಬರೀ ಚಾರ್ಜರ್ ಮೇಲೆ ಹಚ್ಚಿ ನೋಡುತ್ತಾರೆ. ಸದ್ದಿಲ್ಲ. “ಸತ್ತೈತಿ ಅಂತ ಹತ್ತು ತಂದ್ರ ನಾಕರಾಗ ರೋಗನ ಇರಂಗಿಲ್ರಿ. ಚಾರ್ಜರ್ ಹೋಗಿರತೈತಿ, ಇಲ್ಲಾ ಮನಿ ಪ್ಲಗ್ ಸಡ್ಲ ಆಗಿರತೈತಿ. ಇದು ಹಂಗಲ್ಲ” ಎನ್ನುತ್ತಲೇ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾರೆ.

ದಿನಕ್ಕೆ ಆರೇಳು ಲ್ಯಾಪ್‌ಟಾಪ್, ಹತ್ತು ಹನ್ನೆರಡು ಮೊಬೈಲ್ ಈ ಟೇಬಲ್ ಮೇಲೆ ಮೈ ಬಿಚ್ಚುತ್ತವೆ. ಹುಕ್ಕೇರಿ ಕಡೆಯಿಂದಲೂ ಬರುವವರುಂಟು. ತಂದೆ ಬಂದಗಿಸಾಬ ರೇಡಿಯೋ, ಟೇಪು ರಿಪೇರಿ ಮಾಡುತ್ತಿದ್ದವರು. ಅವರ ಕಣ್ಣು ಮಂಜಾದಾಗ ಹದಿನೇಳರ ಮಗಳು ಕಾವಿಯನ್ನು, ಅಂದರೆ ಬೆಸುಗೆ ಹಾಕುವ ಆ ಕಾದ ಕಡ್ಡಿಯನ್ನು, ಕೈಗೆತ್ತಿಕೊಂಡಳು. ಸಂಕೇಶ್ವರದ ಗುಜರಿಯಿಂದ ಕೆಟ್ಟ ಲ್ಯಾಪ್‌ಟಾಪುಗಳನ್ನು ತಂದು ಬಿಚ್ಚಿ, ಕೂಡಿಸಿ, ಮತ್ತೆ ಬಿಚ್ಚಿ ಕಲಿತಳು. ಹೇಳಿಕೊಡುವವರು ಯಾರೂ ಇರಲಿಲ್ಲ.

ಆದರೆ ಹುಡುಗಿಯ ಕೈಗೆ ಯಂತ್ರ ಕೊಡುವ ಧೈರ್ಯ ಊರಿಗೆಲ್ಲಿತ್ತು? “ಅಪ್ಪ ಮುಂದ ಕುಂಡ್ರತಿದ್ರು, ನಾ ಪರದೆ ಹಿಂದ ಕುಂತು ಮಾಡತಿದ್ದೆ. ಮಂದಿ ಅಪ್ಪಗ ಶಾಬಾಸ್ ಅಂತಿದ್ರು. ಅಪ್ಪ ನಕ್ಕೋತ ಪರದೆ ಕಡೆ ನೋಡತಿದ್ರು” ಎಂದು ನಗುತ್ತಾರೆ. ಐದು ವರ್ಷ ಹೀಗೇ ನಡೆಯಿತಂತೆ. ಕೇಳಿದರೆ ನಮಗೆ ಸಿಟ್ಟು ಬರುತ್ತದೆ, ಅವರಿಗೆ ಬರುವುದಿಲ್ಲ.

ಅಷ್ಟರಲ್ಲಿ ಹಿಂಬದಿಯ ಮುಚ್ಚಳ ಕಳಚುತ್ತದೆ. ಚಾರ್ಜರ್ ಚುಚ್ಚುವ ತೂತಿನ ಸುತ್ತ ಬೆಳ್ಳಗಿನ, ಅಂಟಂಟಾದ ಕೆಸರು. ಬೆರಳಿಗೆ ಹಚ್ಚಿಕೊಂಡು ಮೂಸುತ್ತಾರೆ. ವಿಭೂತಿ, ತೆಂಗಿನಕಾಯಿ ನೀರು. ನಿನ್ನೆ ಅಮಾವಾಸ್ಯೆ! ಈ ಸೀಮೆಯಲ್ಲಿ ಅಮಾವಾಸ್ಯೆ ಬಂದರೆ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಬೈಕು ಎಲ್ಲಕ್ಕೂ ಪೂಜೆ, ಎದುರಿಗೊಂದು ಕಾಯಿ. ಮೊಮ್ಮಗಳ ದೊಡ್ಡ ದಿನಕ್ಕೆ ಹೊರಟ ಯಂತ್ರವನ್ನು ಯಾರಾದರೂ ಹೇಗೆ ಬಿಟ್ಟಾರು?

ಮೈಮುನಾಬಿ ತಲೆ ಎತ್ತುತ್ತಾರೆ. ಶಿವಗಂಗವ್ವನ ಮುಖ ಬಿಳಿಚಿಕೊಂಡಿದೆ.

“ಏನಾಗೇತ್ರಿ ಅಕ್ಕಾರ?” ಸುಜಾತಾ ಟೇಬಲ್ ಮೇಲೆ ಬಗ್ಗುತ್ತಾಳೆ.

“ಥಂಡಿ ಹೊಕ್ಕೈತಿ, ಅಷ್ಟ. ನೀ ಬಸ್ಸಿನ ಕಡೆ ಕಣ್ಣಿಡು.”

ಆಮೇಲೆ ನೋಡಬೇಕು ಆ ಕೈಗಳ ಓಟವನ್ನು! ಹಳೆಯ ಹಲ್ಲುಜ್ಜುವ ಬ್ರಶ್ ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜುತ್ತಾರೆ, ಬಿಸಿಗಾಳಿ ಬಿಡುತ್ತಾರೆ, ಚಾರ್ಜರ್ ಹಚ್ಚುತ್ತಾರೆ. ದೀಪ ಹತ್ತುವುದಿಲ್ಲ. ತೂತಿನೊಳಗಿನ ಕಡ್ಡಿಯೇ ಕಪ್ಪಾಗಿದೆ. ಕೆಟ್ಟ ಲ್ಯಾಪ್‌ಟಾಪುಗಳ ಬಿಡಿಭಾಗಗಳ ಡಬ್ಬಿ ಕೆದಕಿ, ಅಳತೆಗೆ ಹೊಂದುವ ಚಾರ್ಜಿಂಗ್ ಸಾಕೆಟ್ ಒಂದನ್ನು ಹುಡುಕಿ, ಬೆಸುಗೆ ಹಾಕುತ್ತಾರೆ. ಎಂಟಕ್ಕೆ ಹತ್ತು ನಿಮಿಷ. ಮತ್ತೆ ಚಾರ್ಜರ್. ಕಿತ್ತಳೆ ದೀಪ! ಬಟನ್ ಒತ್ತಿದರೆ ಫ್ಯಾನು ಗುಂಯ್ ಎನ್ನುತ್ತದೆ, ಪರದೆ ಮಾತ್ರ ಕತ್ತಲು. ಸುಜಾತಾ ಅಳುವುದೊಂದು ಬಾಕಿ. ಮೈಮುನಾಬಿ ಮತ್ತೆ ಬಂದ್ ಮಾಡಿ, ಮೆಮೊರಿ ಪಟ್ಟಿಯನ್ನು ಕಿತ್ತು ಒರೆಸಿ, ಟಕ್ಕನೆ ಕೂರಿಸಿ ಬಟನ್ ಒತ್ತುತ್ತಾರೆ. ಪರದೆ ಬೆಳಗುತ್ತದೆ. ಪ್ರಾಜೆಕ್ಟ್ ಇದ್ದಲ್ಲೇ ಇದೆ! ಅದನ್ನು ಅಲ್ಲಿಯೇ ಪೆನ್‌ಡ್ರೈವಿಗೂ ಇಳಿಸಿಕೊಟ್ಟು ಹುಡುಗಿಯನ್ನು ಬಸ್ಸಿಗೆ ಅಟ್ಟುತ್ತಾರೆ. ನೋಡುತ್ತಿದ್ದ ನಮಗೇ ಚಪ್ಪಾಳೆ ತಟ್ಟುವ ಹುಮ್ಮಸ್ಸು ಬಂದಿತ್ತು.

ಬಸ್ಸು ಹೊರಟರೂ ಶಿವಗಂಗವ್ವ ಏಳುವುದಿಲ್ಲ. ಮೊಮ್ಮಗಳ ಫೋನು ಬರುವವರೆಗೂ ಇಲ್ಲೇ ಇರುತ್ತಾರಂತೆ. ಮೈಮುನಾಬಿ ಚಹಾ ತರಿಸುತ್ತಾರೆ.

“ನಾನ ಯವ್ವಾ, ಕಾಯಿ ಒಡದಾಕಿ” ಎನ್ನುತ್ತಾರೆ ಅಜ್ಜಿ, ಕಪ್ಪು ಕೆಳಗಿಟ್ಟು. “ಛಲೋ ಆಗಲಿ ಅಂತ ಅದರ ಮ್ಯಾಲ ನೀರ ಚಿಮುಕಿಸಿದೆ. ಹುಡುಗಿಗೆ ಹೇಳಾಕ ಬಾಯಿ ಬರಲಿಲ್ಲ.”

“ಪೂಜಾ ಮಾಡ್ರಿ ಆಯಿ, ಬ್ಯಾಡ ಅನ್ನಂಗಿಲ್ಲ. ಕಾಯಿ ಮಾತ್ರ ಅಂಗಳದಾಗ ಒಡೀರಿ.”

ಹನ್ನೊಂದೂವರೆಗೆ ಫೋನು. ಎಲ್ಲ ಸುಸೂತ್ರ. ಶಿವಗಂಗವ್ವ ಎದ್ದು ಬಂದು, ಮೈಮುನಾಬಿಯ ಬಲಗೈ ಹಿಡಿದು ಬೆಳಕಿಗೆ ತಿರುಗಿಸುತ್ತಾರೆ. ಬೆರಳ ತುಂಬ ಕಾವಿ ತಾಗಿದ ಕಲೆಗಳು. ಒಂದೊಂದನ್ನೂ ಮುಟ್ಟಿ ನೋಡಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡು, ಬಸ್ಸಿನ ಕಡೆ ನಡೆಯುತ್ತಾರೆ.

ಮೈಮುನಾಬಿ ಆ ಕೈಯನ್ನು ತಾವೂ ಒಮ್ಮೆ ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಾರೆ. “ಇಪ್ಪತ್ತ ವರ್ಷದಾಗ ಎಲ್ಲಾರೂ ಮಷಿನ್ ತಿರುವಿ ತಿರುವಿ ನೋಡ್ಯಾರ್ರಿ” ಎನ್ನುತ್ತಾರೆ ಆಮೇಲೆ. “ನನ್ನ ಕೈ ನೋಡಿದವರಾಗ ಇವರ ಮೊದಲನೇದವರು.”